ಮರಳಿನ ಮೇಲಿನ ಬಳ್ಳಿ

“ಹೊಂದಿಕೊಂಡು ಹೋಗು ಮಗಾ.” ಬೆಳ್ತಂಗಡಿಯ ತವರಿನಿಂದ ಬಂಟ್ವಾಳಕ್ಕೆ ಸೊಸೆಯಾಗಿ ಹೊರಟಾಗ ಅಮ್ಮ ಹೇಳಿದ್ದು ಇಷ್ಟೇ. ಮದುವೆಯಾಗಿ ಮೂಡುಬಿದಿರೆಗೆ ಹೋದ ಮಗಳಿಗೆ ನಾನೂ ಅದನ್ನೇ ಹೇಳಿ ಕಳುಹಿಸಿದೆ. ಬೇರೇನು ಹೇಳಬೇಕೆಂದು ಆಗ ತೋಚಲಿಲ್ಲ.

ಮೊನ್ನೆ ಇಬ್ಬರೂ ಸೋಮೇಶ್ವರದ ಕಡಲ ಕರೆಗೆ ಹೋಗಿದ್ದೆವು. ಮರಳ ದಿಬ್ಬದ ತುಂಬ ಅಡುಂಬು ಬಳ್ಳಿ ಹೂ ಬಿಟ್ಟಿತ್ತು. ಆಡಿನ ಗೊರಸಿನಂತೆ ನಡುವೆ ಸೀಳಿದ ದಪ್ಪ ಎಲೆ, ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆಲ್ಲ ಬಾಡುವ ನಸುನೇರಳೆ ಹೂ. ಕಾಲು ಸುಡುವ ಮರಳು, ಉಪ್ಪುಗಾಳಿ. ಬೇರೆ ಗಿಡವಾದರೆ ಎರಡು ದಿನ ಬಾಳದು.

“ನೋಡಮ್ಮಾ, ನೀನು ಹೇಳುವ ಹೊಂದಿಕೊಳ್ಳುವುದು ಅಂದರೆ ಇದೇ ಅಲ್ವಾ?” ಎಂದಳು ಮಗಳು. ಮಾತಿನಲ್ಲಿ ಚೂರು ಮೊನೆ ಇತ್ತು.

ಬಗ್ಗಿ ನೋಡಿದೆ. ಬಳ್ಳಿ ಸುಮ್ಮನೆ ಸಹಿಸಿಕೊಂಡು ಬಿದ್ದಿರಲಿಲ್ಲ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ಗಾಳಿ ತಂದ ಮರಳನ್ನು ತಡೆದು ಹಿಡಿಯುತ್ತದೆ; ಮೈ ಮುಚ್ಚಿಹೋದರೆ ಮತ್ತೆ ಮೇಲಕ್ಕೆ ಚಿಗುರುತ್ತದೆ. ಹಾಗೆ ದಿಬ್ಬ ನಿಂತ ಮೇಲೆ ಅದರ ಹಿಂದೆ ಬೇರೆ ಗಿಡಗಳಿಗೂ ಜಾಗ. ಮರಳಿಗೆ ಅದು ಹೊಂದಿಕೊಂಡಷ್ಟೇ ಮರಳೂ ಅದಕ್ಕೆ ಹೊಂದಿಕೊಂಡಿದೆ. ಈ ಎರಡನೆಯ ಮಾತನ್ನು ಅಮ್ಮ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ತುಸು ಆಚೆ ಕಡಲು ದಿಬ್ಬವನ್ನು ಕೊರೆದುಬಿಟ್ಟಿತ್ತು. ಅಲ್ಲಿ ಅದೇ ಬಳ್ಳಿಯ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಕಾಲಡಿಯ ಮರಳೇ ಹೋದ ಮೇಲೆ ಯಾವುದಕ್ಕೆ ಹೊಂದಿಕೊಳ್ಳುವುದು?

ಕಡಲಿಗೆ ಮರಳು ತರುವವು ಹೊಳೆಗಳೇ. ಧರ್ಮಸ್ಥಳ ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ನಮ್ಮ ಬಂಟ್ವಾಳದ ಮಗ್ಗುಲಲ್ಲೇ ಹರಿಯುವ ನೇತ್ರಾವತಿ ಉಳ್ಳಾಲದ ಬಳಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ತುಂಬೆಯ ಅಣೆಕಟ್ಟು. ಹೊಳೆಯ ಮರಳು ಮನೆ ಕಟ್ಟುವವರಿಗೆ. ನಮ್ಮ ಮನೆ ಕಟ್ಟುವಾಗಲೂ ಅಂಗಳದಲ್ಲಿ ಲಾರಿಗಟ್ಟಲೆ ಹೊಳೆಯ ಮರಳು ಬಿದ್ದಿತ್ತು. ಇದೇ ಮಗಳು ಅದರೊಳಗೆ ಪಾದವಿಟ್ಟು ಗುಬ್ಬಿಗೂಡು ಕಟ್ಟಿ ಆಡಿದ್ದಳು. ಕಡಲ್ಕೊರೆತಕ್ಕೆ ಕಾರಣ ಹಲವು, ನಮ್ಮ ನಾಲ್ಕು ಲಾರಿಯಿಂದಲೇ ಆಯಿತೆನ್ನಲು ಬರುವುದಿಲ್ಲ. ಆದರೂ ಒಂದು ಕಡೆ ಮರಳು ತೆಗೆದುಕೊಂಡು, ಇನ್ನೊಂದು ಕಡೆ ಬಳ್ಳಿಯ ತಾಳ್ಮೆಯನ್ನು ಹೊಗಳುವುದು ನ್ಯಾಯವೆ? ಹೊಂದಿಕೊಳ್ಳುವವರನ್ನು ಮೆಚ್ಚಿಕೊಂಡರೆ ನಮಗೆ ಒಂದು ಅನುಕೂಲ ಉಂಟು. ಅವರಿಗೆ ಏನು ಬೇಕೆಂದು ಕೇಳಬೇಕಾಗಿಲ್ಲ.

ಹಿಂದಿರುಗುವಾಗ ಮಗಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ನೇತ್ರಾವತಿ ಸೇತುವೆ ಬಂದಾಗ ಭುಜ ಮುಟ್ಟಿ, “ಆ ಮನೆಯಲ್ಲಿ ನಿನಗೆ ಹೇಗಾಗುತ್ತದೆ?” ಎಂದು ಕೇಳಿದೆ. ಮದುವೆಯಾಗಿ ಆರು ವರ್ಷ. ನಾನು ಹಾಗೆ ಕೇಳಿದ್ದು ಅದೇ ಮೊದಲು. ಅವಳು ತುಸು ಹೊತ್ತು ಹೊಳೆಯನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು.