ಆಗದಿದ್ದುದರ ಲೆಕ್ಕ

ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಅರ್ಧ ಆಯುಷ್ಯ ಕಳೆದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಏನನ್ನು ಕಂಡರೂ ಮನಸ್ಸು ಅದಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟುಬಿಡುತ್ತದೆ. ಮದುವೆಮನೆಯ ಸಾರು, ಸಭೆಯ ಅಧ್ಯಕ್ಷ ಭಾಷಣ, ಪಕ್ಕದ ಮನೆಯವರ ಸಂಗೀತ, ಯಾವುದಕ್ಕೂ ವಿನಾಯಿತಿಯಿಲ್ಲ. ಕೊಟ್ಟ ಅಂಕ ಸರಿಯೆ ಎಂಬ ಅನುಮಾನ ನನಗೆ ಬರುವುದು ಅಪರೂಪ. ಅಂಥ ಅನುಮಾನವನ್ನು ಹುಟ್ಟಿಸಿದವನು ಅಮೆರಿಕದ ಒಬ್ಬ ಬ್ಯಾಸ್ಕೆಟ್‌ಬಾಲ್ ಆಟಗಾರ ಎಂದರೆ ಓದುಗರು ನಕ್ಕಾರು. ನಗಲಿ.

ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಅಕ್ಕನ ಮಗನಿಗೆ ಆ ಆಟದ ಹುಚ್ಚು. ಅಲ್ಲಿಯ ರಾತ್ರಿಯ ಪಂದ್ಯ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ. ಲೋಟ ಹಿಡಿದು ಅವನ ಪಕ್ಕದಲ್ಲಿ ಕೂತು ಕೂತು ನನಗೂ ಅಷ್ಟಿಷ್ಟು ಅರ್ಥವಾಗತೊಡಗಿತ್ತು. ೨೦೨೧ರ ಜೂನ್ ೨೧, ಸೋಮವಾರ ಬೆಳಗ್ಗೆ, ಫಿಲಡೆಲ್ಫಿಯದ ಸೆವೆಂಟಿಸಿಕ್ಸರ್ಸ್ ತಂಡಕ್ಕೂ ಅಟ್ಲಾಂಟದ ಹಾಕ್ಸ್ ತಂಡಕ್ಕೂ ಏಳನೆಯ ಪಂದ್ಯ. ತಲಾ ಮೂರು ಗೆದ್ದಿದ್ದರು. ಇದರಲ್ಲಿ ಸೋತವರು ಮನೆಗೆ.

ಫಿಲಡೆಲ್ಫಿಯದ ಬೆಂಚಿನಲ್ಲಿ ಮಟೀಸ್ ಥೈಬುಲ್ ಎಂಬ ಗಾರ್ಡ್ ಇದ್ದ. ಆಟ ಆರಂಭಿಸುವ ಐವರಲ್ಲಿ ಅವನು ಸಾಮಾನ್ಯವಾಗಿ ಇರುತ್ತಿರಲಿಲ್ಲ. ೪೮ ನಿಮಿಷದ ಆಟದಲ್ಲಿ ಸರಾಸರಿ ೨೦ ನಿಮಿಷ ಅವನ ಪಾಲಿಗೆ ಬರುತ್ತಿತ್ತು. ಆ ವರ್ಷ ಅವನು ಪಂದ್ಯಕ್ಕೆ ಗಳಿಸಿದ ಅಂಕ ಸರಾಸರಿ ೩.೯. ದೂರದಿಂದ ಹತ್ತು ಸಲ ಎಸೆದರೆ ಮೂರು ಬುಟ್ಟಿಗೆ ಬಿದ್ದರೆ ಪುಣ್ಯ. ಇಂಥವನ ಹೆಸರು ಅದೇ ಜೂನ್ ತಿಂಗಳಲ್ಲಿ ಇಡೀ ಲೀಗಿನ ರಕ್ಷಣಾನಿಪುಣರ ಎರಡನೆಯ ಐವರ ಪಟ್ಟಿಯಲ್ಲಿ ಬಂದಿತ್ತು! ಎದುರಾಳಿಯ ಕೈಯ ಚೆಂಡನ್ನು ಕಸಿಯುವುದು, ಹಿಂದಿನಿಂದ ಓಡಿಬಂದು ಎಸೆತವನ್ನು ತಡೆಯುವುದು ಅವನು ಬಲ್ಲ ವಿದ್ಯೆ.

ಪಂದ್ಯ ಮುಗಿಯಲು ಮೂರೂವರೆ ನಿಮಿಷವಿದ್ದಾಗ, ಬುಟ್ಟಿಯ ಕೆಳಗೇ ಇದ್ದ ಬೆನ್ ಸಿಮನ್ಸ್ ತಾನು ಹಾಕದೆ ಚೆಂಡನ್ನು ಥೈಬುಲ್‌ನ ಕೈಗೆ ದಾಟಿಸಿದ. ಇವನ ಮೇಲೆ ಫೌಲ್ ಆಯಿತು. ಸಿಕ್ಕ ಎರಡು ಫ್ರೀ ಥ್ರೋಗಳಲ್ಲಿ ಒಂದು ಮಾತ್ರ ಬಿತ್ತು. ಅದೂ ಹೋಗಲಿ. ಇನ್ನು ೫೪ ಸೆಕೆಂಡು ಉಳಿದಿದ್ದಾಗ, ಮೂರಂಕದ ಗೆರೆಯ ಆಚೆಯಿಂದ ಎಸೆಯುತ್ತಿದ್ದ ಕೆವಿನ್ ಹರ್ಟರ್‌ನ ಮೇಲೆ ಥೈಬುಲ್ ಫೌಲ್ ಮಾಡಿಬಿಟ್ಟ. ಹರ್ಟರ್ ಮೂರಕ್ಕೆ ಮೂರೂ ಹಾಕಿದ. ಫಿಲಡೆಲ್ಫಿಯ ತನ್ನ ಊರಿನಲ್ಲಿಯೇ ೧೦೩–೯೬ರಿಂದ ಸೋತಿತು.

ಲೋಕವೆಲ್ಲ ಸಿಮನ್ಸನನ್ನು ಬೈಯಿತು. ನಮ್ಮ ಹುಡುಗನ ಸಿಟ್ಟು ಮಾತ್ರ ಥೈಬುಲ್‌ನ ಮೇಲೆ.

“ಅವನನ್ನು ನಂಬೋ ಹಾಗೇ ಇಲ್ಲ ಮಾವ. ಒಂದು ದಿನ ಹುಲಿ, ಒಂದು ದಿನ ಇಲಿ. ನೀವಾದರೆ ಎಷ್ಟು ಕೊಡ್ತೀರಿ?”

“ಮೂವತ್ತೈದು” ಎಂದೆ. ಹೇಗೋ ದಾಟಿಸಿ ಕಳಿಸುವ ಅಂಕ. ಹೇಳಿದ ಮೇಲೆ ಅದು ಒಳಗೆ ಕೊರೆಯತೊಡಗಿತು.

ಒಬ್ಬನನ್ನು ನಂಬಿಕೆಗೆ ನಿಲ್ಲದವನು ಎನ್ನಬೇಕಾದರೆ ಅವನ ಒಳ್ಳೆಯ ದಿನವೂ ಕೆಟ್ಟ ದಿನವೂ ನಮ್ಮ ಕಣ್ಣಿಗೆ ಸಮನಾಗಿ ಬೀಳಬೇಕು. ಅಂಕ ಗಳಿಸುವವನ ವಿಷಯದಲ್ಲಿ ಹಾಗೆ ಬೀಳುತ್ತದೆ: ಬುಟ್ಟಿಗೆ ಹೋದದ್ದೂ ಕಾಣುತ್ತದೆ, ತಪ್ಪಿದ್ದೂ ಕಾಣುತ್ತದೆ. ಕಾಯುವವನ ಹಣೆಬರಹ ಬೇರೆ. ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ನಿಂತವನನ್ನು ನೆನೆಯಿರಿ. ಹಕ್ಕಿ ತಿಂದ ತೆನೆಯನ್ನು ಯಜಮಾನ ಬೆರಳಿಟ್ಟು ತೋರಿಸುತ್ತಾನೆ. ತಿನ್ನದೆ ಉಳಿದ ತೆನೆಗೆ ಬೆಳೆ ಎಂದು ಹೆಸರು, ಅದು ಮಳೆಯ ಪುಣ್ಯ, ಗೊಬ್ಬರದ ಪುಣ್ಯ. ಎದುರಿಗೆ ಥೈಬುಲ್ ನಿಂತಿದ್ದಾನೆಂದು ಎಸೆಯುವ ಆಸೆ ಬಿಟ್ಟು ಚೆಂಡನ್ನು ಇನ್ನೊಬ್ಬನಿಗೆ ದಾಟಿಸಿದ ಎದುರಾಳಿ ಆಟದ ಪಟ್ಟಿಯ ಯಾವ ಸಾಲಿನಲ್ಲಿಯೂ ಇಲ್ಲ. ಹರ್ಟರ್ ಇದ್ದಾನೆ.

ಆ ಲೀಗಿನವರು ಕಸಿದ ಚೆಂಡುಗಳನ್ನೂ ತಡೆದ ಎಸೆತಗಳನ್ನೂ ಎಣಿಸತೊಡಗಿದ್ದೇ ೧೯೭೩–೭೪ರಿಂದ. ತಡೆಯುವ ಕಲೆಗೇ ಹೆಸರಾದ ಬಿಲ್ ರಸೆಲ್ ಬಾಸ್ಟನ್ ತಂಡದಲ್ಲಿ ೧೧ ಸಲ ಚಾಂಪಿಯನ್ ಆಗಿ ೧೯೬೯ರಲ್ಲೇ ಆಟ ಬಿಟ್ಟಾಗಿತ್ತು. ಅವನು ತಡೆದ ಎಸೆತಗಳ ಸಂಖ್ಯೆ ಲೀಗಿನ ದಾಖಲೆಯಲ್ಲಿಯೇ ಇಲ್ಲ. ೨೦೧೩ರಿಂದೀಚೆಗೆ ಎಲ್ಲ ಅಂಗಣಗಳಲ್ಲಿಯೂ ಕ್ಯಾಮೆರಾಗಳು ಬಂದು, ಯಾರಿಂದ ಯಾರು ಎಷ್ಟು ದೂರದಲ್ಲಿದ್ದರೆಂದು ಅಳೆದು ಹೇಳುತ್ತವೆ. ಎಸೆಯಬೇಕೆಂದಿದ್ದವನ ಮನಸ್ಸು ಯಾಕೆ ತಿರುಗಿತೆಂದು ಹೇಳುವ ಕ್ಯಾಮೆರಾ ಮಾತ್ರ ಬಂದಿಲ್ಲ.

ಇಷ್ಟು ಹೇಳಿ ಥೈಬುಲ್‌ನನ್ನು ಬಿಟ್ಟುಬಿಟ್ಟರೆ ನಾನು ವಕೀಲನಾದೇನು, ಮೇಷ್ಟರಾಗಲಾರೆ. ಅವನಿಂದ ತಂಡಕ್ಕೆ ಆದ ನಷ್ಟವೂ ಇದೆ. ಎಸೆಯಲಾರದವನನ್ನು ಎದುರಾಳಿಗಳು ಅವನ ಪಾಡಿಗೆ ಬಿಟ್ಟು ಉಳಿದ ನಾಲ್ವರ ಮೇಲೆ ಬೀಳುತ್ತಾರೆ. ೨೦೧೫ರಲ್ಲಿ ಗೋಲ್ಡನ್ ಸ್ಟೇಟ್ ತಂಡ, ಕಾಯುವುದರಲ್ಲಿ ಮಹಾಪ್ರವೀಣನೆನಿಸಿದ ಮೆಂಫಿಸ್‌ನ ಟೋನಿ ಆಲನ್‌ಗೆ ಇದನ್ನೇ ಮಾಡಿತು. ತಮ್ಮ ಎತ್ತರದ ಆಟಗಾರ ಆಂಡ್ರೂ ಬೋಗಟ್‌ನನ್ನು ಹೆಸರಿಗೆ ಅವನ ಕಾವಲಿಗೆ ಹಾಕಿ, ನಿಜವಾಗಿ ಬುಟ್ಟಿಯ ಬಳಿಯೇ ನಿಲ್ಲಿಸಿದರು. ಬಯಲಿನಲ್ಲಿ ಆಲನ್ ಒಬ್ಬನೇ. ಅದಕ್ಕಿಂತ ದೊಡ್ಡ ಅವಮಾನ ಆಟಗಾರನಿಗೆ ಇನ್ನೇನಿದೆ? ಮೆಂಫಿಸ್ ಸೋತಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಫೌಲಿನ ಪ್ರಶ್ನೆ. ಚೆಂಡು ಕಸಿಯುವವನು ಪ್ರತಿ ಸಲವೂ ಒಂದು ಜೂಜಾಡುತ್ತಾನೆ. ಎದುರಾಳಿಯ ಮನಸ್ಸಿನಲ್ಲಿರುವುದನ್ನು ಅರೆಗಳಿಗೆ ಮುಂಚೆ ಊಹಿಸಿ ಹಾರಬೇಕು. ಕಣ್ಣಿಗೆ ಕಂಡಮೇಲೆ ಹಾರಿದರೆ ಚೆಂಡು ಸಿಕ್ಕುವುದಿಲ್ಲ. ಹರ್ಟರ್‌ನ ಮೇಲೆ ಬಿದ್ದದ್ದು ಆ ವಿದ್ಯೆಯೇ. ಗುಣಕ್ಕೂ ದೋಷಕ್ಕೂ ಬೇರು ಒಂದಾಗಿರುವವನಲ್ಲಿ ದೋಷವನ್ನಷ್ಟೆ ಕಿತ್ತು ಗುಣವನ್ನು ಉಳಿಸೆಂದು ಕೇಳುವುದು ಸುಲಭ. ಬೆಂಚಿನಿಂದ ತಣ್ಣಗಿನ ಮೈಯಲ್ಲಿ ಎದ್ದುಬಂದು, ಯಾವ ಕ್ಷಣ ಮತ್ತೆ ಕರೆದಾರೋ ಎಂದು ತಿಳಿಯದೆ ಆಡುವವನಿಗೆ ಜೂಜಿನ ಆಸೆ ಇನ್ನೂ ಹೆಚ್ಚು. ತಪ್ಪಂತೂ ತಪ್ಪೇ. ಕೊನೆಯ ನಿಮಿಷದಲ್ಲಿ ಎದುರಿಗೆ ಸುಮ್ಮನೆ ನಿಲ್ಲುವುದು ಹಾರುವುದಕ್ಕಿಂತ ದೊಡ್ಡ ಕಾವಲು ಎಂದು ಅವನಿಗೆ ತಿಳಿದಿರಬೇಕಾಗಿತ್ತು.

ಈ ವಾದ ಯಾವುದೂ ೨೦೨೨ರ ಸಂಗತಿಗೆ ಹೊಂದುವುದಿಲ್ಲ. ಆ ವರ್ಷ ಟೊರಾಂಟೊ ತಂಡದೊಡನೆ ಮೊದಲ ಸುತ್ತು ಬಂದಾಗ, ಕೋವಿಡ್ ಲಸಿಕೆಯನ್ನು ಪೂರ್ತಿ ಹಾಕಿಸಿಕೊಂಡಿರದ ಥೈಬುಲ್ ಕೆನಡಕ್ಕೆ ಹೋಗಲಾಗದೆ ಅಲ್ಲಿಯ ಪಂದ್ಯಗಳನ್ನು ತಪ್ಪಿಸಿಕೊಂಡ. ಕಾವಲಿನಲ್ಲಿದ್ದು ಎಡವುವುದು ಬೇರೆ, ಕಾವಲಿಗೇ ಬಾರದಿರುವುದು ಬೇರೆ. ಮೊದಲನೆಯದಕ್ಕೆ ನಾನು ಅಂಕ ಕಳೆಯಲು ಹಿಂದೆಮುಂದೆ ನೋಡುತ್ತೇನೆ, ಎರಡನೆಯದಕ್ಕೆ ಇಲ್ಲ.

ಹೀಗೆ ಹೇಳುವಾಗ ಒಂದು ಹಳೆಯ ಸಹಿ ನೆನಪಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಅತಿಥಿ ಉಪನ್ಯಾಸಕರಲ್ಲಿ ಯಾರನ್ನು ಮುಂದುವರಿಸಬೇಕೆಂದು ತೀರ್ಮಾನಿಸುವ ಒಂದು ಸಮಿತಿಯಲ್ಲಿ ನಾನಿದ್ದೆ. ಅವರಲ್ಲೊಬ್ಬರು ನಪಾಸಾದ ಹುಡುಗರನ್ನು ಸಂಜೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಕೆಲವು ದಿನ ಬರುತ್ತಲೇ ಇರಲಿಲ್ಲ. ಬಂದ ದಿನ ಹುಡುಗರು ಗಡಿಯಾರ ನೋಡುತ್ತಿರಲಿಲ್ಲ. ನಮ್ಮ ಮುಂದಿದ್ದ ನಮೂನೆಯಲ್ಲಿ ಫಲಿತಾಂಶಕ್ಕೆ ಒಂದು ಕಾಲಂ ಇತ್ತು, ಬಾರದ ದಿನಗಳಿಗೆ ಒಂದು ಕಾಲಂ ಇತ್ತು. ಕಾಲೇಜು ಬಿಡದೆ ಉಳಿದ ಹುಡುಗರಿಗೆ ಕಾಲಂ ಇರಲಿಲ್ಲ. ಅವರ ಹೆಸರು ಕೆಳಗೆ ಹೋಯಿತು. ನಾನೂ ಸಹಿ ಹಾಕಿದೆ. ಮರುವರ್ಷ ಆ ಸಂಜೆಯ ಕೋಣೆಗೆ ಬೀಗ ಬಿತ್ತು. ಎಷ್ಟು ಹುಡುಗರು ಬಿಟ್ಟುಹೋದರೆಂದು ಆಗ ಎಣಿಸಿದೆವು. ಅವರು ಬಾರದ ದಿನಗಳನ್ನು ನಾನು ಇಂದಿಗೂ ಅಳಿಸುವುದಿಲ್ಲ. ಆದರೆ ಆ ನಮೂನೆ ಅರ್ಧ ಕಾಗದವೆಂದು ಅಂದೇ ಹೇಳಬಹುದಾಗಿತ್ತು.

ಥೈಬುಲ್‌ನಿಗೆ ನನ್ನ ಅಂಕ ಬೇಕಾಗಿರಲಿಲ್ಲ. ಆ ಸೋಲಿಗೆ ಏಳು ವಾರ ತುಂಬುವ ಮೊದಲೇ ಟೋಕಿಯೊದಲ್ಲಿ ಆಸ್ಟ್ರೇಲಿಯದ ಪರ ಆಡಿ ಕಂಚಿನ ಪದಕ ಪಡೆದ. ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ೨೦೨೩ರಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ ಹೋದ.

ಈಚೆಗೆ ರಜೆಗೆ ಬಂದಿದ್ದ ಹುಡುಗ ಆ ಹಳೆಯ ೫೪ ಸೆಕೆಂಡುಗಳನ್ನು ಮತ್ತೆ ಹಾಕಿ ತೋರಿಸಿದ.

“ಈಗ ಹೇಳಿ ಮಾವ. ಕೊನೇ ನಿಮಿಷಕ್ಕೆ ಇವನನ್ನೇ ಕಳಿಸ್ತೀರಾ?”

“ಕಳಿಸ್ತೀನಿ. ಮೇಲೆ ಬೀಳಬೇಡ, ಎದುರಿಗೆ ನಿಂತರೆ ಸಾಕು ಅಂತ ಕಿವಿಯಲ್ಲಿ ಹೇಳಿ ಕಳಿಸ್ತೀನಿ.”

“ಕೇಳ್ತಾನಾ?”

“ಹತ್ತರಲ್ಲಿ ಎಂಟು ಸಲ ಕೇಳಿಯಾನು” ಎಂದೆ.