ಉಸಿರು ಎಣಿಸುವ ಧರ್ಮ

ಮನುಷ್ಯ ಹಗಲಿರುಳು ಸೇರಿ 21,600 ಸಲ ಉಸಿರಾಡುತ್ತಾನೆ, ಪ್ರತಿ ಉಸಿರೂ ತಾನಾಗಿ ನಡೆಯುವ ಜಪ ಎಂದು ಯೋಗಗ್ರಂಥಗಳು ಲೆಕ್ಕ ಹಾಕಿವೆ. ದಿನದ 1,440 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ 15; ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ಇಂದಿನ ವೈದ್ಯರು ಹೇಳುವ 12ರಿಂದ 20ರೊಳಗೇ ಅದು ಬರುತ್ತದೆ. ಯಾರು ದೊಡ್ಡವರೆಂದು ಜಗಳಾಡಿದ ಇಂದ್ರಿಯಗಳು, ಪ್ರಾಣ ಹೊರಟು ನಿಂತಾಗ ಸೋಲೊಪ್ಪಿದ ಕಥೆ ಉಪನಿಷತ್ತಿನಲ್ಲಿದೆ. ಪ್ರಾಣಕ್ಕೆ ಇಷ್ಟು ದೊಡ್ಡ ಪೀಠ ಕೊಟ್ಟವರ ನಾಡಿನಲ್ಲೂ ವಾರ್ಡಿನ ಚಾರ್ಟಿನಲ್ಲಿ ಅಂದಾಜಿಗೆ ಬರೆದುಬಿಡುವ ಅಂಕಿಯೆಂದರೆ ಉಸಿರಿನದೇ. ರೋಗಿಯ ಉಸಿರನ್ನು ಎಣಿಸುವುದು ಧರ್ಮದ ಕೆಲಸ, ಎಣಿಸದೆ ಅಂಕಿ ಬರೆಯುವುದು ಸುಳ್ಳು ಎಂಬುದು ನನ್ನ ವಾದ.

ದೇಹದೊಳಗೆ ಏನೋ ಕೆಡುತ್ತಿದೆ ಎಂಬುದನ್ನು ಎಷ್ಟೋ ಸಲ ಮೊದಲು ತೋರಿಸುವುದು ಉಸಿರು. ಸೋಂಕು ರಕ್ತಕ್ಕೇರಿದಾಗ, ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲವಾದಾಗ, ರಕ್ತದೊತ್ತಡ ಇನ್ನೂ ಸರಿಯಿರುವಾಗಲೇ ಉಸಿರು ವೇಗವಾಗಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 97 ತೋರಿಸುತ್ತಿದ್ದರೂ, ಆ 97ನ್ನು ಉಳಿಸಿಕೊಳ್ಳಲು ರೋಗಿ ಏದುಸಿರು ಬಿಡುತ್ತಿರಬಹುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ, ನಿಮಿಷಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು, 8 ಅಥವಾ ಅದಕ್ಕಿಂತ ಕಡಿಮೆ ಉಸಿರಿಗೆ ಅತಿ ಹೆಚ್ಚಿನ 3 ಅಂಕ. ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡದ ಮನೆಗಳಿಗೆ ಉಸಿರಿನ ಎಣಿಕೆ ಇನ್ನಷ್ಟು ಹತ್ತಿರದ ಮಾತು. ತಮಿಳಿನ ವಾರ್ಡಿನಲ್ಲಿ ಮಲಗಿದ ಕನ್ನಡದ ಅಜ್ಜಿಗೆ ತನ್ನ ಸಂಕಟ ವಿವರಿಸಲು ಬಾರದಿರಬಹುದು. ಎದೆ ಏರಿಳಿಯುವ ಲೆಕ್ಕಕ್ಕೆ ಯಾವ ಭಾಷೆಯೂ ಬೇಡ. ಹಸುಗೂಸಿಗಂತೂ ಮಾತೇ ಇಲ್ಲ. 2014ರ ನವೆಂಬರಿನಲ್ಲಿ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ನವಜಾತ ಶಿಶುಗಳು ತೀರಿಕೊಂಡವು. ಕಡಿಮೆ ತೂಕ, ಹುಟ್ಟುವಾಗಲೇ ಉಸಿರುಗಟ್ಟಿದ್ದು ಆಗ ಹೇಳಿದ ಕಾರಣಗಳಲ್ಲಿ ಸೇರಿದ್ದವು. ಎಣಿಕೆಯೊಂದೇ ಆ ಕೂಸುಗಳನ್ನು ಉಳಿಸುತ್ತಿತ್ತು ಎನ್ನುವುದು ಅನ್ಯಾಯದ ಮಾತಾದೀತು. ಆದರೆ ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಅಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ತಿಳಿಯಲು ಬೇಕಾದದ್ದು ಒಂದು ಗಡಿಯಾರ, ಒಂದು ನಿಮಿಷ.

ಉಸಿರಿನ ಲೆಕ್ಕ ದೇವರು ಬರೆದದ್ದು, ನಾವು ಎಣಿಸಿದರೆ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಆಯುಷ್ಯ ದೇವರದೆಂದು ನಂಬಿದವರೂ ಹಸಿದವನಿಗೆ ಅನ್ನ ಇಕ್ಕುವುದನ್ನು ಬಿಡುವುದಿಲ್ಲ. ಒಪ್ಪಿಸಿದ ಜೀವವನ್ನು ಕಾಯುವ ಹೊಣೆಯನ್ನು ಯಾವ ಭಕ್ತಿಯೂ ತೆಗೆದುಹಾಕಿಲ್ಲ. ಎಣಿಕೆ ಮನುಷ್ಯನನ್ನು ಬರೀ ಅಂಕಿ ಮಾಡುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ಉಸಿರು ವಿಚಿತ್ರವಾದದ್ದು: ಯಾರೋ ನೋಡುತ್ತಿದ್ದಾರೆಂದು ತಿಳಿದರೆ ಬದಲಾಗುತ್ತದೆ. ಅದಕ್ಕೇ ಬಲ್ಲ ನರ್ಸ್ ನಾಡಿ ಹಿಡಿದ ಕೈಯನ್ನು ಬಿಡದೆ, ಸುಮ್ಮನೆ ಎದೆಯನ್ನು ನೋಡುತ್ತ ಪೂರ್ತಿ ನಿಮಿಷ ಎಣಿಸುತ್ತಾಳೆ. ಆ ನಿಮಿಷದಲ್ಲಿ ರೋಗಿಯ ಮುಖ, ತುಟಿಯ ಬಣ್ಣ, ಕತ್ತಿನ ಸೆಳೆತ ಎಲ್ಲವೂ ಅವಳ ಕಣ್ಣಿಗೆ ಬೀಳುತ್ತವೆ. ಯೋಗಿ ತನ್ನ ಉಸಿರಿನ ಮೇಲೆ ಇಡುವ ಗಮನವನ್ನು ಅವಳು ಇನ್ನೊಬ್ಬರ ಉಸಿರಿನ ಮೇಲೆ ಇಡುತ್ತಾಳೆ. ಶರಣರು ಕಾಯಕವೆಂದದ್ದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ನನಗೆ ಕಾಣದು. ಒಬ್ಬ ನರ್ಸ್‌ಗೆ ಹಲವಾರು ಹಾಸಿಗೆಗಳಿರುವಲ್ಲಿ ಆ ನಿಮಿಷ ಎಲ್ಲಿಂದ ಬರಬೇಕು ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರು ನರ್ಸ್‌ಗಳಲ್ಲ, ಅವರ ಸಂಖ್ಯೆಯನ್ನು ನಿರ್ಧರಿಸುವ ಸರ್ಕಾರ. ಅಲ್ಲಿಯವರೆಗೆ ಹಾಸಿಗೆಯ ಪಕ್ಕ ಕೂತ ಮನೆಯವರೂ ಎಣಿಸಬಹುದು. ಸುಮ್ಮನೆ ಮಲಗಿರುವ ದೊಡ್ಡವರ ಉಸಿರು ನಿಮಿಷಕ್ಕೆ 20 ದಾಟಿದ್ದರೆ ಕೂಡಲೇ ನರ್ಸ್‌ಗೆ ತಿಳಿಸಿ, ಅದನ್ನು ಚಾರ್ಟಿನಲ್ಲಿ ಬರೆಯುವಂತೆ ಕೇಳಿ.