ಮುಚ್ಚಿದ ಓಲೆಯ ಧರ್ಮ

ಮಹಾಭಾರತದ ಆದಿಪರ್ವದಲ್ಲಿ ಅರಗಿನ ಮನೆಯ ಪ್ರಸಂಗವುಂಟು. ಪಾಂಡವರು ವಾರಣಾವತಕ್ಕೆ ಹೊರಟಾಗ ವಿದುರನು ಜನರ ನಡುವೆಯೇ, ಧರ್ಮರಾಯನಿಗೆ ಮಾತ್ರ ತಿಳಿಯುವಂತಹ ಗೂಢವಾದ ಮಾತಿನಲ್ಲಿ, ಮುಂದೆ ಬರಲಿರುವ ವಿಪತ್ತನ್ನು ಸೂಚಿಸಿದನು. ಬಳಿಯಲ್ಲಿದ್ದ ಕುಂತಿಗೂ ಅದರ ಅರ್ಥವಾಗಲಿಲ್ಲ. ಮಗನನ್ನು ಕೇಳಿಯೇ ತಿಳಿಯಬೇಕಾಯಿತು. ಆ ಗುಟ್ಟಿನಿಂದ ಆರು ಜೀವಗಳು ಉಳಿದವು. ಆದರೆ ಅದೇ ಕಥೆಯಲ್ಲಿ ಮತ್ತೊಂದು ಗುಟ್ಟೂ ಇರುವುದು. ದುರ್ಯೋಧನನು ಪುರೋಚನನನ್ನು ಏಕಾಂತಕ್ಕೆ ಕರೆದು, ಬೇಗನೆ ಹೊತ್ತಿಕೊಳ್ಳುವ ಸಾಮಗ್ರಿಗಳಿಂದ ಮನೆಯನ್ನು ಕಟ್ಟಬೇಕೆಂದು ಹೇಳಿದುದೂ ಗುಟ್ಟಿನಲ್ಲಿಯೇ. ಒಂದೇ ಸಾಧನವು ಒಬ್ಬನ ಕೈಯಲ್ಲಿ ರಕ್ಷೆಯಾಯಿತು, ಇನ್ನೊಬ್ಬನ ಕೈಯಲ್ಲಿ ಕೊಲೆಯ ಉಪಾಯವಾಯಿತು. ಹಾಗಾದರೆ ಜನರ ಗುಟ್ಟನ್ನು ಕಾಯುವುದೇ ತನ್ನ ಕೆಲಸವೆಂದು ನಿಂತವನಿಗೆ ಪುಣ್ಯವೋ, ಪಾಪವೋ?

ಈ ಪ್ರಶ್ನೆ ಹೊಸದಲ್ಲ. 1844ರಲ್ಲಿ ಲಂಡನ್ ನಗರದಲ್ಲಿ ಆಶ್ರಯ ಪಡೆದಿದ್ದ ಇಟಲಿಯ ದೇಶಭಕ್ತ ಮ್ಯಾಜಿನಿಗೆ, ತನ್ನ ಕಾಗದಗಳನ್ನು ಯಾರೋ ಒಡೆದು ಓದುತ್ತಿರುವರೆಂಬ ಸಂಶಯ ಬಂದಿತು. ಅವನು ಲಕೋಟೆಗಳೊಳಗೆ ಮರಳಿನ ಕಣ, ಗಸಗಸೆ, ಕೂದಲೆಳೆಗಳನ್ನಿಡಿಸಿ ಪರೀಕ್ಷಿಸಿದನು. ಅವು ದಾರಿಯಲ್ಲಿಯೇ ಮಾಯವಾಗಿದ್ದವು. ಗೃಹಮಂತ್ರಿಯಾಗಿದ್ದ ಸರ್ ಜೇಮ್ಸ್ ಗ್ರಹಾಮನ ಆಜ್ಞೆಯಂತೆ ಅಂಚೆಯ ಕಚೇರಿಯೇ ಆ ಕೆಲಸವನ್ನು ಮಾಡುತ್ತಿದ್ದಿತು. ವಿಷಯವು ಪಾರ್ಲಿಮೆಂಟಿನಲ್ಲಿ ಬಯಲಾದಾಗ ದೇಶವೆಲ್ಲ ಕೋಪಗೊಂಡಿತು. ಅರಸನ ಅಧಿಕಾರಕ್ಕೂ ಮುಚ್ಚಿದ ಓಲೆಗೂ ನಡುವೆ ಒಂದು ಗೆರೆಯಿರಬೇಕೆಂಬುದನ್ನು ಅಂದಿನ ಜನ ಯಾವ ಶಾಸ್ತ್ರದ ಸಹಾಯವೂ ಇಲ್ಲದೆ ಕಂಡುಕೊಂಡರು.

ಈಗ ಓಲೆಯು ಕಾಗದವನ್ನು ಬಿಟ್ಟು ಮೊಬೈಲನ್ನು ಸೇರಿದೆ. ಒಯ್ಯುವವನೂ ಬದಲಾಗಿದ್ದಾನೆ. ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದಲ್ಲಿ 2018ರಲ್ಲಿ ಲೋಕಿ ಎಂಬ ಹೆಸರಿನಿಂದ ಆರಂಭವಾಗಿ, 2021ರಲ್ಲಿ ಆಕ್ಸೆನ್ ಎಂದು ಹೆಸರು ಬದಲಿಸಿಕೊಂಡ ಒಂದು ಬ್ಲಾಕ್‌ಚೈನ್ ಸಮುದಾಯವು ಇದಕ್ಕೆ ತಕ್ಕ ನಿದರ್ಶನ. ಬ್ಲಾಕ್‌ಚೈನ್ ಎಂದರೆ ಒಬ್ಬನ ವಶದಲ್ಲಿಲ್ಲದೆ, ಅನೇಕರ ಬಳಿ ಒಂದೇ ಪ್ರತಿಯಾಗಿದ್ದು, ಯಾರೊಬ್ಬರೂ ತಿದ್ದಲಾಗದ ಲೆಕ್ಕದ ಪುಸ್ತಕ. ಅದನ್ನಾಶ್ರಯಿಸಿ ಅವರು 2020ರಲ್ಲಿ ಸೆಷನ್ ಎಂಬ ಸಂದೇಶದ ಆ್ಯಪನ್ನು ಹೊರತಂದರು. ಅದನ್ನು ಬಳಸಲು ದೂರವಾಣಿಯ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಒಪ್ಪಿಸಬೇಕಾದುದಿಲ್ಲ. ಬರೆದ ಮಾತು ಬೀಗದೊಳಗೆ ಸೇರಿ, ಮೂರು ಅಪರಿಚಿತ ಕಂಪ್ಯೂಟರುಗಳ ಮೂಲಕ ಸಾಗುವುದು. ಪ್ರತಿಯೊಂದಕ್ಕೂ ತನ್ನ ಹಿಂದಿನದು ಯಾವುದು, ಮುಂದಿನದು ಯಾವುದು ಎಂಬಷ್ಟೇ ತಿಳಿಯುವುದಲ್ಲದೆ ದಾರಿಯ ಎರಡು ಕೊನೆಗಳೂ ಒಟ್ಟಿಗೆ ತಿಳಿಯವು. ಕಂಪ್ಯೂಟರನ್ನು ಒದಗಿಸುವವರು ಸಮುದಾಯದ ಸಾಮಾನ್ಯ ಜನರೇ. ಹಾಗೆ ಒದಗಿಸಲು ಮೊದಲು 15,000 ಆಕ್ಸೆನ್ ನಾಣ್ಯಗಳನ್ನು ಈಡಾಗಿಡಬೇಕಾಗಿದ್ದಿತು. ಕೆಲಸವನ್ನು ಸರಿಯಾಗಿ ನಡೆಸಿದವನಿಗೆ ನಾಣ್ಯದ ಪ್ರತಿಫಲ, ತಪ್ಪಿದವನಿಗೆ ಬಹಿಷ್ಕಾರ. 2025ರಲ್ಲಿ ಆ ನಾಣ್ಯದ ಸ್ಥಾನಕ್ಕೆ ಬೇರೊಂದು ನಾಣ್ಯ ಬಂದಿತು. ಈಡಿನ ತತ್ತ್ವ ಮಾತ್ರ ಬದಲಾಗಲಿಲ್ಲ.

ಇದಕ್ಕೆ ಮೊದಲನೆಯ ಪೂರ್ವಪಕ್ಷವು ಪ್ರಬಲವಾದುದು. ಕಳ್ಳನೂ, ಮಕ್ಕಳನ್ನು ಹಿಂಸಿಸುವ ನೀಚನೂ ಇದೇ ಮರೆಯಲ್ಲಿ ಅಡಗುವರಲ್ಲ, ಅವರಿಗೆ ನೆಳಲು ಕೊಟ್ಟವನು ನಿರ್ದೋಷಿಯೇ? ಈ ಆಕ್ಷೇಪವನ್ನು ನಗೆಯಾಡಿ ತಳ್ಳುವವರು ನೊಂದವರ ಮುಖವನ್ನು ನೋಡದವರು. ಆಸ್ಟ್ರೇಲಿಯಾದ ಪಾರ್ಲಿಮೆಂಟು 2018ರ ಡಿಸೆಂಬರಿನಲ್ಲಿ, ಬೀಗ ಹಾಕಿದ ಸಂದೇಶಗಳನ್ನು ಓದಲು ಕಂಪೆನಿಗಳು ಪೊಲೀಸರಿಗೆ ನೆರವಾಗಬೇಕೆಂದು ಕಾಯಿದೆ ಮಾಡಿದುದು ಇಂತಹ ಭಯದಿಂದಲೇ. ಮುಂದೆ ಸೆಷನ್ ಸಂಸ್ಥೆಯ ನೌಕರನೊಬ್ಬನ ಮನೆಗೆ ಪೊಲೀಸರು ಹೋಗಿ ವಿಚಾರಿಸಿದರು; 2024ರಲ್ಲಿ ಆ ಆ್ಯಪಿನ ಆಡಳಿತವು ಸ್ವಿಟ್ಜರ್ಲೆಂಡಿನ ಹೊಸ ಸಂಸ್ಥೆಯೊಂದಕ್ಕೆ ವರ್ಗವಾಯಿತು.

ಆದರೂ ಇದಕ್ಕೆ ಸಮಾಧಾನವುಂಟು. ಅರಗಿನ ಮನೆಯ ಕಾಲದಲ್ಲಿ ಯಾರೂ ಗುಟ್ಟಾಗಿ ಮಾತನಾಡಕೂಡದೆಂಬ ಕಟ್ಟಳೆಯಿದ್ದಿದ್ದರೆ, ಅದನ್ನು ನಡೆಯಿಸುವ ಬಲವು ದುರ್ಯೋಧನನ ಕೈಯಲ್ಲಿಯೇ ಇರುತ್ತಿದ್ದಿತು. ಕಟ್ಟಳೆಯು ವಿದುರನ ಬಾಯನ್ನು ಕಟ್ಟುತ್ತಿದ್ದಿತೇ ಹೊರತು ಪುರೋಚನನ ಕೈಯನ್ನು ಹಿಡಿಯುತ್ತಿರಲಿಲ್ಲ. ಎಲ್ಲರ ಓಲೆಯನ್ನೂ ಒಡೆಯಬಲ್ಲ ಬೀಗದ ಕೈಯನ್ನು ಒಮ್ಮೆ ಮಾಡಿಟ್ಟರೆ, ಮುಂದೆ ಅದು ಯಾರ ಸೊಂಟದಲ್ಲಿ ತೂಗುವುದೆಂದು ಮಾಡಿದವನು ಹೇಳಲಾರನು. ದುಷ್ಟರನ್ನು ಹಿಡಿಯಲು ಬೇರೆ ಮಾರ್ಗಗಳಿಲ್ಲವೆಂಬುದೂ ನಿಜವಲ್ಲ. 2021ರಲ್ಲಿ ಬಯಲಾದ ಆನಮ್ ಎಂಬ ಗುಪ್ತ ಮೊಬೈಲಿನ ವೃತ್ತಾಂತವನ್ನು ನೋಡಬಹುದು. ಅಪರಾಧಿಗಳು ಭದ್ರವೆಂದು ನಂಬಿ ಕೊಂಡ ಸುಮಾರು 12,000 ಉಪಕರಣಗಳನ್ನು ಅಮೆರಿಕದ ಮತ್ತು ಆಸ್ಟ್ರೇಲಿಯಾದ ಪೊಲೀಸರೇ ನಡೆಸುತ್ತಿದ್ದರು. 800ಕ್ಕೂ ಹೆಚ್ಚು ಜನ ಸೆರೆಯಾದರು. ಲೋಕದ ಸಜ್ಜನರೆಲ್ಲರ ಓಲೆಯನ್ನು ಒಡೆಯದೆಯೇ ಆ ಕಾರ್ಯ ಸಾಗಿತು.

ಎರಡನೆಯ ಪೂರ್ವಪಕ್ಷವು ಸೂಕ್ಷ್ಮವಾದುದು. ನಾಣ್ಯದ ಆಸೆಯಿಂದ ಕಾವಲಿಗೆ ನಿಂತವನ ಕೆಲಸವನ್ನು ಧರ್ಮವೆನ್ನಬಹುದೆ? ಅರವಟ್ಟಿಗೆಯಲ್ಲಿ ನೀರು ಕೊಡುವವನು ಸಂಬಳಕ್ಕೆ ಕೊಡಲಿ, ಪುಣ್ಯಕ್ಕೆ ಕೊಡಲಿ, ದಾರಿಗನ ದಾಹ ಆರುವುದು ನಿಜ. ಆದರೆ ಭೇದವು ಬೇಸಗೆಯ ಕೊನೆಗೆ, ಸಂಬಳ ನಿಂತ ದಿನ ತಿಳಿಯುವುದು. ನಾಣ್ಯದ ಬೆಲೆ ಪೇಟೆಯಲ್ಲಿ ಏರುವುದು, ಇಳಿಯುವುದು. ಇಳಿದಾಗ ಕಂಪ್ಯೂಟರನ್ನು ಆರಿಸಿ ಹೊರಟುಹೋಗುವವನಿಗೆ ತನ್ನ ನಷ್ಟದ ಲೆಕ್ಕ ಮಾತ್ರ ಗೊತ್ತು. ಗಂಡನ ಹೊಡೆತಕ್ಕೆ ಹೆದರಿ ತವರಿಗೆ ಗುಟ್ಟಾಗಿ ಬರೆಯುವ ಹೆಂಗಸಿನ ಓಲೆಯೂ ಆ ದಾರಿಯಲ್ಲಿದ್ದೀತೆಂಬುದು ಅವನಿಗೆ ಕಾಣದು. ಈಡು ಕಳ್ಳತನವನ್ನು ತಡೆಯಬಲ್ಲದು, ನಿಷ್ಠೆಯನ್ನು ಹುಟ್ಟಿಸಲಾರದು.

ಈ ಸಮುದಾಯಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದುಂಟು: ಇಲ್ಲಿ ಯಾರನ್ನೂ ನಂಬಬೇಕಾದ ಅಗತ್ಯವೇ ಇಲ್ಲ, ಗಣಿತವೇ ಸಾಕ್ಷಿಯೆಂದು. ಇದು ಅರ್ಧ ಸತ್ಯ. ದಾರಿಯ ಕಂಪ್ಯೂಟರನ್ನು ನಂಬಬೇಕಿಲ್ಲವೆಂಬುದು ಸರಿ. ಆದರೆ ಆ್ಯಪನ್ನು ಬರೆದವನನ್ನು, ಅದನ್ನು ಪರೀಕ್ಷಿಸಿದವನನ್ನು, ಎಲ್ಲಕ್ಕೂ ಮಿಗಿಲಾಗಿ ಓಲೆಯನ್ನು ತೆರೆದು ಓದುವ ಆಚೆಯ ಕಡೆಯ ಮಿತ್ರನನ್ನು ನಂಬದೆ ಗತಿಯಿಲ್ಲ. ವಿದುರನ ಮಾತು ಎಷ್ಟೇ ಗೂಢವಾಗಿದ್ದರೂ ಧರ್ಮರಾಯನು ಅದನ್ನು ಹೊರಗೆಡಹಿದ್ದರೆ ವ್ಯರ್ಥವಾಗುತ್ತಿದ್ದಿತು. ಯಂತ್ರವು ನಂಬಿಕೆಯ ಸ್ಥಾನವನ್ನು ಬದಲಿಸುವುದೇ ಹೊರತು ನಂಬಿಕೆಯನ್ನು ಅನಾವಶ್ಯಕವಾಗಿಸದು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಭಾರತದ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ದೀಪವಾಗಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತವಾದ ಹಕ್ಕೆಂದು ಒಮ್ಮತದಿಂದ ಸಾರಿತು. ಅದೇ ತೀರ್ಪು ಈ ಹಕ್ಕು ನಿರಂಕುಶವಾದುದಲ್ಲವೆಂದೂ ತಿಳಿಸಿತು. ಸರ್ಕಾರವು ಅದರಲ್ಲಿ ಕೈಯಿಡಬೇಕಾದರೆ ಕಾಯಿದೆಯ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶವನ್ನು ಮೀರದ ಪ್ರಮಾಣ ಬೇಕು. ಅವರು ಆ ಮೊಕದ್ದಮೆಯನ್ನು ಹೂಡಿದಾಗ ಎಂಬತ್ತು ವರ್ಷ ದಾಟಿದ್ದರು. ಸ್ವಂತದ ಗುಟ್ಟನ್ನು ಮರೆಮಾಡಲಿಕ್ಕಾಗಿ ಆ ವಯಸ್ಸಿನಲ್ಲಿ ಯಾರೂ ನ್ಯಾಯಾಲಯದ ಮೆಟ್ಟಿಲನ್ನೇರರು.

ಹೀಗೆ ಪರ್ಯಾಲೋಚಿಸಿದರೆ ಸಿದ್ಧಾಂತವಿಷ್ಟು. ಓಲೆಯನ್ನು ಒಡೆಯದೆ ಒಯ್ಯುವುದು ದೋಷವಲ್ಲ. ಅಂಚೆಯವನು ತನ್ನ ಚೀಲದೊಳಗಿನ ಪ್ರತಿಯೊಂದು ಮಾತಿಗೂ ಹೊಣೆಯಲ್ಲ. ಆದರೆ ಒಯ್ದ ಮಾತ್ರಕ್ಕೆ ಪುಣ್ಯವೂ ಇಲ್ಲ. ಆ ಸಮುದಾಯಕ್ಕೆ ಮೂರು ಕರ್ತವ್ಯಗಳಿವೆ. ಯಂತ್ರವು ಕೊಡಲಾರದ ಅಭಯವನ್ನು ಕೊಡುವೆನೆಂದು ಹೇಳಕೂಡದು. ಲಾಭದ ಆಸೆಗೆ ಸೇವೆಯ ಹೆಸರನ್ನು ಹೊದಿಸಕೂಡದು. ಎಲ್ಲರ ಬೀಗವನ್ನೂ ಮುರಿಯಲೊಲ್ಲೆನೆಂದವನು, ನೊಂದವನು ತನ್ನ ಕೈಯಲ್ಲಿರುವ ಓಲೆಯನ್ನೇ ತಂದು ತೋರಿಸಿದಾಗ ಮುಖ ತಿರುಗಿಸಕೂಡದು. ಇವನ್ನು ನಡೆಯಿಸಿದವರು ವಿದುರನ ಪಕ್ಷದವರು. ನಡೆಯಿಸದವರು, ತಾವು ಅರಗನ್ನು ಮಾರಿದೆವೇ ಹೊರತು ಮನೆಯನ್ನು ಕಟ್ಟಲಿಲ್ಲವೆಂದು ಹೇಳಿಕೊಳ್ಳಬಹುದು; ಬೆಂಕಿ ಹತ್ತಿದ ಮೇಲೆ ಆ ಉತ್ತರವನ್ನು ಒಪ್ಪುವವರು ವಿರಳ.